ಕಿವಿಯಿಂದ ಅಳೆದ ಉಪ್ಪುನೀರು

ತೆಂಗಿನಕಾಯಿ ಕೊಳ್ಳುವಾಗ ನಾವು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ ಜರ್ಮನಿಯ ವಿಜ್ಞಾನಿಯೊಬ್ಬ ಉಪ್ಪುನೀರಿನ ಗುಣವನ್ನು ಕಿವಿಯಿಂದ ಅಳೆದ. ಹೆಸರು ಫ್ರೀಡ್ರಿಖ್ ಕೋಲ್‌ರೌಶ್ (1840–1910).

ತಂತಿಯೊಂದು ವಿದ್ಯುತ್ತಿಗೆ ಎಷ್ಟು ಅಡ್ಡಿ ಮಾಡುತ್ತದೆಂದು ಅಳೆಯುವುದು ಆ ಕಾಲಕ್ಕಾಗಲೇ ಗೊತ್ತಿತ್ತು. ನೀರಿನ ಪಾಡೇ ಬೇರೆ. ಉಪ್ಪುನೀರಿಗೆ ಎರಡು ಲೋಹದ ತಗಡು ಇಳಿಬಿಟ್ಟು ಬ್ಯಾಟರಿ ಜೋಡಿಸಿದರೆ ತಗಡಿನ ಮೈಗೆ ಗುಳ್ಳೆ ಕಟ್ಟುತ್ತದೆ, ವಿದ್ಯುತ್ತಿನ ಹರಿವಿಗೆ ಅಲ್ಲಿಯೇ ಎದುರೊತ್ತಡ ಹುಟ್ಟುತ್ತದೆ. ಅಳೆಯಹೊರಟದ್ದು ನೀರನ್ನು, ಕೈಗೆ ಸಿಕ್ಕುವುದು ತಗಡಿನ ತಕರಾರು! ಗಳಿಗೆಗೊಂದು ಲೆಕ್ಕ.

ಕೋಲ್‌ರೌಶ್ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸದೆ, ಮೊಸರಿನ ಕಡೆಗೋಲಿನಂತೆ ಅತ್ತಿಂದಿತ್ತ ಬೇಗಬೇಗ ತಿರುಗಿಸಿದ. ಒಂದು ಸುತ್ತಿನಲ್ಲಿ ಕಟ್ಟಿಕೊಂಡದ್ದು ಮರುಸುತ್ತಿನಲ್ಲಿ ಬಿಚ್ಚಿಹೋಯಿತು. ಪ್ಲಾಟಿನಂ ತಗಡಿಗೆ ಪ್ಲಾಟಿನಂನದೇ ನುಣ್ಣನೆಯ ಕಪ್ಪು ಲೇಪ ಕೊಟ್ಟ. ಆದರೆ ಹೀಗೆ ದಿಕ್ಕು ಬದಲಿಸುವ ವಿದ್ಯುತ್ತಿಗೆ ಸೂಜಿಯ ಮಾಪಕ ಅಲುಗದು. ಆಗ ನೆರವಾದದ್ದು ಬೆಲ್ 1876ರಲ್ಲಿ ಪೇಟೆಂಟ್ ಪಡೆದಿದ್ದ ಟೆಲಿಫೋನು. ನೀರಿನ ಅಡ್ಡಿಯನ್ನು ಗೊತ್ತಿರುವ ತಂತಿಯ ಅಡ್ಡಿಯೊಡನೆ ತಕ್ಕಡಿಯಂತೆ ತೂಗಿ, ಟೆಲಿಫೋನಿನ ಗುಂಯ್‌ಗುಡುವಿಕೆ ಅಡಗುವ ಜಾಗವನ್ನು ಹುಡುಕುವುದು, ಅಲ್ಲಿ ಸಮತೂಕ. ಪ್ರಯೋಗಶಾಲೆಯಲ್ಲಿ ಸದ್ದಿಲ್ಲದ್ದನ್ನು ಕೇಳುತ್ತ ಕುಳಿತ ಆ ಮನುಷ್ಯನ ತಾಳ್ಮೆ ನನಗೆ ಬಲು ಇಷ್ಟ.

ಇದೇ ಕೆಲಸಕ್ಕೆ ಕೈಹಾಕಿದ ಸ್ವೀಡನ್ನಿನ ತರುಣ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದ. ಪರೀಕ್ಷಕರು ಕೊಟ್ಟದ್ದು ಕೆಳದರ್ಜೆ. ಅಧ್ಯಾಪಕನಾಗುವ ದಾರಿಯೇ ಮುಚ್ಚುವಂತಾಯಿತು. ಅವನು ಪ್ರಬಂಧದ ಪ್ರತಿಗಳನ್ನು ಪರದೇಶದ ವಿದ್ವಾಂಸರಿಗೆ ಕಳಿಸಿದ. ರೀಗಾದಲ್ಲಿದ್ದ ಓಸ್ಟ್‌ವಾಲ್ಡ್ ಅದೇ ವರ್ಷ ಅವನನ್ನು ಕಾಣಲು ಉಪ್ಸಾಲಾಕ್ಕೇ ಬಂದ. ಉಪ್ಪು ನೀರಿನಲ್ಲಿ ಕರಗಿದೊಡನೆ, ವಿದ್ಯುತ್ತಿನ ಹಂಗಿಲ್ಲದೆ, ಆವೇಶವುಳ್ಳ ಕಣಗಳಾಗಿ ಒಡೆದುಕೊಳ್ಳುತ್ತದೆಂದು 1887ರಲ್ಲಿ ಅರ್ಹೇನಿಯಸ್ ಸ್ಪಷ್ಟವಾಗಿ ಬರೆದ. ಆ ಕಣಗಳೇ ವಿದ್ಯುತ್ತನ್ನು ಹೊರುವವು. 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದರ್ಜೆ ಕೊಟ್ಟವರು ಏನೆಂದುಕೊಂಡರೋ!

ಈಗ ನೀರು ಶುದ್ಧಮಾಡುವ ಯಂತ್ರ ಮಾರುವವರು ಮನೆಬಾಗಿಲಿಗೆ ಬಂದು ಪೆನ್ನಿನಂಥ ಮೀಟರನ್ನು ನಮ್ಮ ಲೋಟಕ್ಕೆ ಅದ್ದಿ, ಅಂಕಿ ತೋರಿಸಿ ಹೆದರಿಸುತ್ತಾರೆ. ಅದರ ತುದಿಯ ಎರಡು ಕಡ್ಡಿಗಳು ಕೋಲ್‌ರೌಶನ ತಗಡುಗಳ ವಂಶದವೇ. ಅವು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಉಪ್ಪಿನಂಶದ ಅಂಕಿ ಅದರಿಂದ ಕಟ್ಟಿದ ಅಂದಾಜು. ಲೋಟಕ್ಕೆ ಒಂದು ಚಮಚ ಸಕ್ಕರೆ ಕದಡಿ ನೋಡಿ, ಅಂಕಿ ಏರುವುದೇ ಇಲ್ಲವೆನ್ನಬಹುದು. ಸಕ್ಕರೆ ಉಪ್ಪಿನಂತೆ ಒಡೆಯುವುದಿಲ್ಲ. ರೋಗಾಣುಗಳೂ ಆ ಮೀಟರಿಗೆ ಕಾಣವು. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಮಕ್ಕಳ ಹಲ್ಲು ಕೆಡಿಸುವ ಫ್ಲೋರೈಡನ್ನೂ ಅದು ಹೆಸರಿಟ್ಟು ಹೇಳಲಾರದು. ಅದಕ್ಕೆ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೇ ಕಳಿಸಬೇಕು.