ಬೃಂದಾವನ ಎಕ್ಸ್‌ಪ್ರೆಸ್ ಕಲಿಸಿದ ಇಂಗ್ಲಿಷು

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಸುತ್ತ ಒಂದು ಸಲ ಕಣ್ಣಾಡಿಸಿ, ‘ಮೂವತ್ತೇ ದಿನದಲ್ಲಿ ಇಂಗ್ಲಿಷ್’ ಅನ್ನೋ ಥರದ ಬೋರ್ಡು ಒಂದಾದರೂ ಸಿಗುತ್ತೆ. ನನ್ನ ಚಿಕ್ಕಪ್ಪನ ಮಗ ಅಂಥದ್ದೊಂದು ಕ್ಲಾಸಿಗೆ ಎರಡು ತಿಂಗಳು ಹೋದ. ಟೆನ್ಸುಗಳೆಲ್ಲ ಬಾಯಿಪಾಠ ಆದವು. ಇಂದಿರಾನಗರದ ಆಫೀಸಿನ ಮೀಟಿಂಗಿನಲ್ಲಿ ಮಾತ್ರ ಬಾಯಿ ತೆರೆಯಲಿಲ್ಲ. “ತಪ್ಪಾಗುತ್ತಾ ಅಂತ ಯೋಚಿಸೋದ್ರೊಳಗೆ ಟಾಪಿಕ್ಕೇ ಮುಗಿದಿರುತ್ತೆ ಅಕ್ಕ” ಅಂದ.

ಅವನ ಕಷ್ಟವನ್ನೇ ಹಿಡಿದು ಕೆಲಸ ಮಾಡಿದವರು ಎನ್.ಎಸ್. ಪ್ರಭು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ನಮ್ಮೂರಿಗೆ ಹೆಸರು ಬಂದದ್ದು ಐಟಿಯಿಂದಲ್ಲ, ‘ಬೆಂಗಳೂರು ಪ್ರಾಜೆಕ್ಟ್’ನಿಂದ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಪ್ರಭು, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಮಾಮೂಲಿ ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನೇ ಬದಿಗಿಟ್ಟರು. ಅದರ ಬದಲು ಮಕ್ಕಳ ಮುಂದೆ ಇಟ್ಟದ್ದು ನಕ್ಷೆ, ಪುಟ್ಟ ಕಥೆ, ರೈಲಿನ ವೇಳಾಪಟ್ಟಿ. ನಮ್ಮ ಕ್ಯಾಂಟೋನ್ಮೆಂಟ್ ಸ್ಟೇಷನ್ನಿಗೆ ಬರುವ ಬೃಂದಾವನ ಎಕ್ಸ್‌ಪ್ರೆಸ್‌ನ ಪಟ್ಟಿಯೂ ಅದರಲ್ಲಿತ್ತು.

ಓದು, ಲೆಕ್ಕ ಹಾಕು, ಉತ್ತರ ಹೇಳು, ಯಾಕೆ ಅಂತಲೂ ಹೇಳು. ರೈಲು ಯಾವ ಊರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ, ಇಷ್ಟು ಗಂಟೆಗೆ ಅಲ್ಲಿರಬೇಕಾದರೆ ಯಾವ ಗಾಡಿ ಹಿಡಿಯಬೇಕು, ಇಂಥವೇ ಪ್ರಶ್ನೆಗಳು. ತಲೆ ಗಾಡಿಯ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನೋದು ಪ್ರಭು ಅವರ ನಂಬಿಕೆ. ಮಗು ಒಂದೇ ಪದದಲ್ಲಿ ಉತ್ತರ ಕೊಟ್ಟರೂ ನಡೀತಿತ್ತು. ಕ್ಲಾಸಿನ ಅರ್ಧದಷ್ಟು ಮಕ್ಕಳಾದರೂ ಅರ್ಧ ಕೆಲಸ ಸರಿಯಾಗಿ ಮಾಡುವಂತಿರಬೇಕು, ಅಷ್ಟು ಕಷ್ಟ ಸಾಕು ಅನ್ನೋದು ಅವರ ಅಳತೆ. (ನಮ್ಮ ಅಪ್ರೈಸಲ್‌ಗಳಿಗೂ ಇಂಥ ಅಳತೆ ಇದ್ದಿದ್ದರೆ!) ಒಂದು ವಿಷಯ ನನಗೂ ಆಶ್ಚರ್ಯ ತಂದಿತು. ಮಕ್ಕಳನ್ನು ಗುಂಪು ಮಾಡಿ ಮಾತಾಡಿಸುವುದು ಪ್ರಭು ಅವರಿಗೆ ಒಪ್ಪಿಗೆ ಇರಲಿಲ್ಲ. ಒಬ್ಬರ ಅರೆಬರೆ ಇಂಗ್ಲಿಷನ್ನೇ ಇನ್ನೊಬ್ಬರು ಕಲಿತಾರು ಅನ್ನೋ ಅಂಜಿಕೆ. ಹಾಗಾಗಿ ಚರ್ಚೆಯೆಲ್ಲ ಮೇಷ್ಟ್ರ ಜೊತೆಗೇ.

ಫಲ? ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ ಮಾಡಿದ ಮೌಲ್ಯಮಾಪನ 1985ರಲ್ಲಿ ಪ್ರಕಟವಾಯಿತು. ಬರೀ ವ್ಯಾಕರಣದ ಪರೀಕ್ಷೆಯಲ್ಲಿ ಹಳೇ ಪದ್ಧತಿಯ ಮಕ್ಕಳೇ ಮುಂದು. ಕಲಿತದ್ದನ್ನು ಬಳಸುವ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳು. ಪೂರ್ತಿ ಗೆಲುವು ಅನ್ನೋಕಾಗಲ್ಲ. ಆದರೆ ಇವತ್ತು ಜಗತ್ತಿನಾದ್ಯಂತ ಭಾಷಾ ಬೋಧಕರು ‘ಟಾಸ್ಕ್’ ಅಂತ ಮಾತಾಡುವಾಗ 1987ರ ಪ್ರಭು ಅವರ ಪುಸ್ತಕದ ಹೆಸರು ಬಂದೇ ಬರುತ್ತೆ.

ಈಗ ಭಾನುವಾರ ಸಂಜೆ ಹಲಸೂರಿನ ನಮ್ಮನೆಯಲ್ಲಿ ನಾನು, ತಮ್ಮ ಇಬ್ಬರೂ ಇಂಗ್ಲಿಷ್ ಪೇಪರಿನ ಒಂದು ಸುದ್ದಿ ಓದಿ ಮಾತಾಡ್ತೀವಿ. ಗುಂಪಲ್ಲ, ಇಬ್ಬರೇ, ಹಾಗಾಗಿ ಪ್ರಭು ಕ್ಷಮಿಸಬಹುದು. ಹೋದ ವಾರ ಕೆ.ಆರ್. ಪುರದ ಟ್ರಾಫಿಕ್ ಸುದ್ದಿ. ಅವನಿಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಹತ್ತು ನಿಮಿಷ ಇಂಗ್ಲಿಷಿನಲ್ಲೇ ಬೈದ. ಟೆನ್ಸೆಲ್ಲ ತಪ್ಪು. ನಾನು ತಿದ್ದಲಿಲ್ಲ, ಟೀ ಇನ್ನೊಂದು ಲೋಟ ಬಗ್ಗಿಸಿದೆ.