ಬ್ಯಾಟ್ರಿ ಎಷ್ಟು ದೂರ ಹೊಡೀತದೆ?

ನಮ್ಮ ಕಡೆ ಟಾರ್ಚಿಗೆ ಟಾರ್ಚ್ ಅನ್ನುವವರು ಕಡಿಮೆ. ಬ್ಯಾಟ್ರಿ ಅನ್ನುತ್ತಾರೆ. ಒಳಗೆ ಹಾಕುವುದು ಸೆಲ್ಲು, ಕೈಯಲ್ಲಿ ಹಿಡಿಯುವುದು ಬ್ಯಾಟ್ರಿ. ಜಾತ್ರೆಯಲ್ಲಿ ಹೊಸ ಬ್ಯಾಟ್ರಿ ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ದೂರ ಹೊಡೀತದೆ?" ಅಂಗಡಿಯವನು ಅದನ್ನು ಎತ್ತಿ ದೂರದ ತೆಂಗಿನ ಮರದ ಸುಳಿಗೆ ಬಿಡುತ್ತಾನೆ. ಸುಳಿ ಬೆಳಗಿದರೆ ವ್ಯಾಪಾರ ಮುಗಿಯಿತು.

ಎಂಟು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಕೈಯಲ್ಲಿ ಅಂಥದ್ದೇ ಒಂದು ಬ್ಯಾಟ್ರಿ ಇತ್ತು. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟ್ ಬಂತೆಂದು ಮೋಟಾರು ಹಾಕಲು ಹೋದರು. ಬೆಳಕು ಮೋಟಾರು ಮನೆಯ ಬಾಗಿಲ ಮೇಲಿತ್ತು. ಬಾಗಿಲ ಚಿಲಕ ಕೂಡ ಕಾಣುತ್ತಿತ್ತಂತೆ. ಕಾಣದೇ ಇದ್ದದ್ದು ಬದುವಿನ ಮೇಲೆ ಎಡಗಾಲ ಪಕ್ಕದಲ್ಲಿ ಮಲಗಿದ್ದ ಕೊಳಕುಮಂಡಲ. ಬೇಗ ಆಸ್ಪತ್ರೆಗೆ ಹೋದದ್ದರಿಂದ ಜೀವ ಉಳಿಯಿತು. ಈಗಲೂ ಅವರು ಹೇಳುವುದು ಒಂದೇ ಮಾತು: "ಬ್ಯಾಟ್ರಿ ಚೆನ್ನಾಗೇ ಇತ್ತು ಮಗ, ಬೆಳಕು ಮಾತ್ರ ಬೇರೆ ಕಡೆ ಇತ್ತು."

ಬೆಳಕು ದೂರ ಹೋಗಬೇಕೋ, ಅಗಲಕ್ಕೆ ಹರಡಬೇಕೋ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ.

ಬ್ಯಾಟ್ರಿ ಬರುವ ಮೊದಲು ನಮ್ಮ ರಾತ್ರಿಗಳಲ್ಲಿ ಇದ್ದದ್ದು ಹರಡುವ ಬೆಳಕು. ಪಂಜು, ಕರಾವಳಿಯ ಮಡಲಿನ ಸೂಟೆ, ಆಮೇಲೆ ಬಂದ ಸೀಮೆಎಣ್ಣೆಯ ಲಾಟೀನು. ಇವೆಲ್ಲ ಹಿಡಿದವನ ಸುತ್ತ ಒಂದು ದುಂಡನೆಯ ಬೆಳಕು ಹಾಸುತ್ತಿದ್ದವು. ಹತ್ತು ಮಾರಿನ ಆಚೆಗೆ ಏನೂ ಕಾಣುತ್ತಿರಲಿಲ್ಲ. ಆದರೆ ಕಾಲು ಎಲ್ಲಿ ಇಡುತ್ತಿದ್ದೇವೆ ಎನ್ನುವುದು ಕಾಣುತ್ತಿತ್ತು.

ದೂರದ ಬೆಳಕನ್ನು ಮೊದಲು ಬೇಡಿದವರಲ್ಲಿ ಪೊಲೀಸರೂ ಇದ್ದರು. 19ನೇ ಶತಮಾನದ ಲಂಡನ್ನಿನಲ್ಲಿ ರಾತ್ರಿ ಗಸ್ತಿನವರ ಬಳಿ ಎಣ್ಣೆಯ ದೀಪವೊಂದು ಇರುತ್ತಿತ್ತು. ಅದರ ಮುಂದೆ ಉಬ್ಬಿದ ದಪ್ಪ ಗಾಜು, ಉಳಿದ ಮೂರು ಕಡೆ ತಗಡು. ಬೆಳಕು ಒಂದೇ ದಿಕ್ಕಿಗೆ ಹೋಗುತ್ತಿತ್ತು. ಕಳ್ಳನ ಮುಖ ಕಾಣಬೇಕು, ಪೊಲೀಸನ ಮುಖ ಕಾಣಬಾರದು ಎನ್ನುವ ಲೆಕ್ಕ.

ವಿದ್ಯುತ್ ಟಾರ್ಚು ಕೂಡ ಅದೇ ಕೈಗಳಿಗೆ ಮೊದಲು ಸಿಕ್ಕಿತು. ನ್ಯೂಯಾರ್ಕಿನಲ್ಲಿದ್ದ ಬ್ರಿಟಿಷ್ ಸಂಶೋಧಕ ಡೇವಿಡ್ ಮಿಸೆಲ್‌ಗೆ 1899ರ ಜನವರಿ 10ರಂದು ಅದರ ಪೇಟೆಂಟ್ ದೊರೆಯಿತು. ಕೊಳವೆಯಲ್ಲಿ ಒಂದರ ಹಿಂದೆ ಒಂದು ಸೆಲ್ಲು, ತುದಿಯಲ್ಲಿ ಬಲ್ಬು, ಬಲ್ಬಿನ ಹಿಂದೆ ಹೊಳೆಯುವ ಲೋಹದ ಬಟ್ಟಲು. ನಮ್ಮ ಕೈಯ ಬ್ಯಾಟ್ರಿಯ ಮೈಕಟ್ಟು ಇವತ್ತಿಗೂ ಅದೇ. ಆ ಪೇಟೆಂಟ್ ಪಡೆದ ಕಂಪನಿ, ರಷ್ಯಾದಿಂದ ವಲಸೆ ಬಂದಿದ್ದ ಕಾನ್ರಾಡ್ ಹ್ಯೂಬರ್ಟ್ ಎಂಬವರದು. ಮುಂದೆ ಎವರೆಡಿ ಎಂಬ ಹೆಸರು ಅಲ್ಲಿಂದಲೇ ಬೆಳೆಯಿತು. ಮೊದಲ ಕೆಲವು ಟಾರ್ಚುಗಳನ್ನು ನ್ಯೂಯಾರ್ಕ್ ಪೊಲೀಸರಿಗೆ ಕೊಟ್ಟು ಪ್ರಚಾರ ಪಡೆದರು.

ಆಗಿನ ಸೆಲ್ಲು, ಬಲ್ಬು ಎರಡೂ ಬಡವು. ಒಂದೇ ಸಮನೆ ಉರಿಸಿದರೆ ಸೆಲ್ಲು ಸೋತುಹೋಗುತ್ತಿತ್ತು. ಆದ್ದರಿಂದ ಮಿಂಚಿನಂತೆ ಹಾಕಿ ಆರಿಸುತ್ತಿದ್ದರು. ಫ್ಲ್ಯಾಶ್‌ಲೈಟ್ ಎಂಬ ಹೆಸರು ಬಂದದ್ದೇ ಹಾಗೆ. ಇರುವ ಅಷ್ಟೇ ಬೆಳಕನ್ನು ಅಗಲಕ್ಕೆ ಚೆಲ್ಲಿದರೆ ಏನೂ ಕಾಣದು. ಆದ್ದರಿಂದ ಅದನ್ನು ಕೂಡಿಸಿ ಮುಂದಕ್ಕೆ ಕಳಿಸಬೇಕಾಯಿತು.

ಇದನ್ನು ನೀವು ತೋಟದಲ್ಲಿ ದಿನಾ ಮಾಡುತ್ತೀರಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ನಾಲ್ಕು ಸಾಲು ದಾಟಿ ಬೀಳುತ್ತದೆ. ಬೆರಳು ತೆಗೆದರೆ ಬುಡದಲ್ಲೇ ಹರಡುತ್ತದೆ. ನೀರು ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಬೆಳಕಿಗೆ ಆ ಹೆಬ್ಬೆರಳು ಎಂದರೆ ಒಳಗಿನ ಹೊಳೆಯುವ ಬಟ್ಟಲು, ಅಂದರೆ ರಿಫ್ಲೆಕ್ಟರ್. ಬಲ್ಬು ಅದರ ಸರಿಯಾದ ನಡುಬಿಂದುವಿನಲ್ಲಿ ಕೂತರೆ ಬೆಳಕು ನೇರ ಕೋಲಿನಂತೆ ಹೋಗುತ್ತದೆ. ಸ್ವಲ್ಪ ಹಿಂದೆಮುಂದೆ ಆದರೆ ಹರಡುತ್ತದೆ. ತಿಳಿದವರು ಮೊದಲನೆಯದಕ್ಕೆ ಥ್ರೋ, ಎರಡನೆಯದಕ್ಕೆ ಫ್ಲಡ್ ಅನ್ನುತ್ತಾರೆ.

1910ರ ಹೊತ್ತಿಗೆ ಟಂಗ್‌ಸ್ಟನ್ ತಂತಿಯ ಬಲ್ಬು ಬಂದು ಬೆಳಕು ಬಲವಾಯಿತು. 1920ರ ದಶಕದ ಅಮೆರಿಕದ ಜಾಹೀರಾತುಗಳಲ್ಲಿ ಟಾರ್ಚನ್ನು ಇನ್ನೂರು ಅಡಿ, ಮುನ್ನೂರು ಅಡಿ ಎಂದು ಅಳೆದು ಮಾರುತ್ತಿದ್ದರು. ನಮ್ಮ ಜಾತ್ರೆಯ ಪ್ರಶ್ನೆ ಅಲ್ಲಿಯೂ ಇತ್ತು ನೋಡಿ.

ಎವರೆಡಿ 1905ರಲ್ಲೇ ಭಾರತಕ್ಕೆ ಬಂದಿತ್ತು. 1939ರಲ್ಲಿ ಕಲ್ಕತ್ತಾದಲ್ಲಿ ಸೆಲ್ಲಿನ ಕಾರ್ಖಾನೆ, 1958ರಲ್ಲಿ ಲಖನೌದಲ್ಲಿ ಟಾರ್ಚಿನ ಕಾರ್ಖಾನೆ ಶುರುವಾದವು. ಅಲಹಾಬಾದಿನ ಜೀಪ್ ಟಾರ್ಚು ಕೂಡ ಹಳ್ಳಿಹಳ್ಳಿಗೆ ಬಂತು. ನಮ್ಮ ಅಜ್ಜನದು ಮೂರು ಸೆಲ್ಲಿನದು. ಹಿಂದಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗು, ಪಕ್ಕದಲ್ಲಿ ಜಾರುವ ಸ್ವಿಚ್ಚು. ಸೆಲ್ಲು ಮಂಕಾದರೆ ಬಿಸಿಲಿಗೆ ಇಟ್ಟು ಇನ್ನೆರಡು ರಾತ್ರಿ ದಬ್ಬುತ್ತಿದ್ದರು.

ಅದರ ತಲೆ ತಿರುಗುತ್ತಿತ್ತು. ಅಜ್ಜ ಅಂಗಳ ಇಳಿಯುವಾಗ ತಲೆ ಸಡಿಲಿಸುತ್ತಿದ್ದರು. ಬೆಳಕು ಅಗಲವಾಗಿ, ನಡುವೆ ಒಂದು ಕಪ್ಪು ಮಚ್ಚೆಯೊಂದಿಗೆ, ದಾರಿಯ ಎರಡೂ ಬದಿಗೆ ಬೀಳುತ್ತಿತ್ತು. ಗದ್ದೆಯಂಚಿನಲ್ಲಿ ಹಂದಿಯ ಸದ್ದಾದರೆ ನಿಂತು ತಲೆ ಬಿಗಿ ಮಾಡುತ್ತಿದ್ದರು. ಬೆಳಕು ಕೂಡಿಕೊಂಡು ಆಚೆ ಬೇಲಿಗೆ ಹೋಗುತ್ತಿತ್ತು. ನಡೆಯುವಾಗ ಅಗಲ, ನಿಂತಾಗ ದೂರ. ಅವರಿಗೆ ಥ್ರೋ, ಫ್ಲಡ್ ಎಂಬ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಆಮೇಲೆ ಬ್ಯಾಟ್ರಿ ಜೇಬಿಗೆ ಇಳಿಯಿತು. 1984ರಲ್ಲಿ ಅಮೆರಿಕದಲ್ಲಿ ಬಂದ ಮಿನಿ ಮ್ಯಾಗ್‌ಲೈಟ್ ಎರಡೇ ಎರಡು ಪೆನ್ಸಿಲ್ ಸೆಲ್ಲಿನದು. ಅದರಲ್ಲೂ ತಲೆ ತಿರುಗಿಸಿ ಬೆಳಕನ್ನು ಹರಡಬಹುದಿತ್ತು, ಕೂಡಿಸಬಹುದಿತ್ತು. ನಮ್ಮಲ್ಲಿ ಜೇಬಿಗೆ ಬೆಳಕು ತಂದದ್ದು ಬೇರೆಯೇ ಒಂದು ವಸ್ತು: 2003ರ ನೋಕಿಯಾ 1100 ಮೊಬೈಲ್. ಅದರ ತಲೆಯಲ್ಲೊಂದು ಪುಟ್ಟ ದೀಪವಿತ್ತು. ಮೊಬೈಲಿನ ಬೆಳಕಿಗೆ ದೊಡ್ಡ ಬಟ್ಟಲಿಲ್ಲ, ಅದು ಹರಡುವ ಬೆಳಕು. ಲಾಟೀನು ಇನ್ನೊಂದು ರೂಪದಲ್ಲಿ ಮರಳಿ ಬಂದಂತಾಯಿತು.

ಅಷ್ಟರಲ್ಲಿ ಎಲ್‌ಇಡಿ ಬಂದಿತ್ತು. 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾದ ಮೇಲೆ ಬಿಳಿ ಬೆಳಕಿನ ದಾರಿ ತೆರೆಯಿತು. ಆ ಕೆಲಸಕ್ಕೆ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಹೆಬ್ಬೆರಳಿನಷ್ಟು ಟಾರ್ಚಿನಲ್ಲಿ ಅಜ್ಜನ ಮೂರು ಸೆಲ್ಲಿನದಕ್ಕಿಂತ ಹೆಚ್ಚು ಬೆಳಕು ಸಿಗುವಂತಾಯಿತು. ಆದರೆ ಅಗ್ಗದ ಹಲವು ಟಾರ್ಚುಗಳಲ್ಲಿ ತಿರುಗುವ ತಲೆ ಹೋಯಿತು. ದೂರವೋ ಅಗಲವೋ ಎಂದು ತಯಾರಿಸುವವನೇ ನಿರ್ಧರಿಸಿ ಕಳಿಸುತ್ತಾನೆ. ಡಬ್ಬಿಯ ಮೇಲೆ ಮಾತ್ರ "1 ಕಿ.ಮೀ." ಎಂದು ಬರೆದಿರುತ್ತದೆ.

ಈ ಕಿಲೋಮೀಟರಿನ ಲೆಕ್ಕ ಸ್ವಲ್ಪ ನೋಡೋಣ. 2009ರಲ್ಲಿ ಅಮೆರಿಕದ ತಯಾರಕರು ಎಫ್‌ಎಲ್ 1 ಎಂಬ ಅಳತೆಗೋಲು ಒಪ್ಪಿಕೊಂಡರು. ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಆ ಟಾರ್ಚಿನ ದೂರ. 0.25 ಲಕ್ಸ್ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಬೆಳದಿಂಗಳಲ್ಲಿ ಹಗ್ಗ ಯಾವುದು, ಹಾವು ಯಾವುದು ಎಂದು ಗೊತ್ತಾಗುತ್ತದೆಯೇ? ಇನ್ನೊಂದು ಮಾತು. ಬೆಳಕಿನ ಕೋಲಿನ ತೀಕ್ಷ್ಣತೆಯನ್ನು ಕ್ಯಾಂಡೆಲಾದಲ್ಲಿ ಅಳೆಯುತ್ತಾರೆ. 100 ಮೀಟರಿಗೆ 2,500 ಕ್ಯಾಂಡೆಲಾ ಸಾಕು. 200 ಮೀಟರಿಗೆ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ 10,000 ಬೇಕು. ಒಂದು ಕಿಲೋಮೀಟರಿಗೆ 2,50,000. ಕಿರುಬೆರಳಷ್ಟು ಬಾಯಿಯ ಜೇಬಿನ ಟಾರ್ಚಿನಿಂದ ಅದನ್ನು ನಿರೀಕ್ಷಿಸಬೇಡಿ. ದೂರ ಹೊಡೆಯಲು ಬಟ್ಟಲು ದೊಡ್ಡದಿರಬೇಕು. ಡಬ್ಬಿಯ ಮೇಲಿನ ಲ್ಯೂಮೆನ್ ಎಂಬುದು ಒಟ್ಟು ಬೆಳಕಿನ ಲೆಕ್ಕ. ಪೈಪಿನಲ್ಲಿ ಎಷ್ಟು ನೀರಿದೆ ಎಂದು ಅದು ಹೇಳುತ್ತದೆ, ಎಲ್ಲಿ ಬೀಳುತ್ತದೆ ಎಂದು ಹೇಳುವುದಿಲ್ಲ.

ಎಲ್ಲಿ ಬೀಳುತ್ತದೆ ಎನ್ನುವುದೇ ನಮಗೆ ಮುಖ್ಯ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಹಾವು ತೆಂಗಿನ ಸುಳಿಯ ಹತ್ತಿರ ಕಚ್ಚುವುದಿಲ್ಲ. ಮೂರು ಹೆಜ್ಜೆಯ ಒಳಗೆ ಕಚ್ಚುತ್ತದೆ.

ಹಾಗೆಂದು ದೂರದ ಬೆಳಕು ಬೇಡವೆಂದಲ್ಲ. ಹಾಸನ, ಕೊಡಗಿನ ಕಡೆ ಕಾಫಿ ತೋಟದ ದಾರಿಯಲ್ಲಿ ಆನೆ ನಿಂತಿದೆಯೋ ಎಂದು ನೂರು ಮೀಟರ್ ಮೊದಲೇ ಗೊತ್ತಾಗಬೇಕು. ಅಲ್ಲಿ ಹರಡುವ ಬೆಳಕೊಂದನ್ನೇ ನೆಚ್ಚಿದರೆ ಅಪಾಯ. ಆದರೆ ನಸುಕಿಗೆ ರಬ್ಬರ್ ಟ್ಯಾಪಿಂಗ್ ಮಾಡುವವರು, ಹೂ ಬಿಡಿಸುವವರು ತಲೆಗೆ ಕಟ್ಟುವ ದೀಪಕ್ಕೆ ಬೇಕಾದ್ದು ಮೊಳದ ದೂರದ ಅಗಲ ಬೆಳಕು. ದೂರದ ಕೋಲು ಅಲ್ಲಿ ಕಣ್ಣು ಕುಕ್ಕುತ್ತದೆ.

ಹಾಗಾಗಿ ಮುಂದಿನ ಸಲ ಕೊಳ್ಳುವಾಗ ಹೀಗೆ ಮಾಡಿ. ತೆಂಗಿನ ಮರ ಬಿಡಿ. ಎರಡು ಮಾರು ದೂರದ ಗೋಡೆಗೆ ಬೆಳಕು ಬಿಡಿ. ನಡುವೆ ಕಣ್ಣು ಕುಕ್ಕುವ ಚುಕ್ಕೆ, ಸುತ್ತ ಬರೀ ಕತ್ತಲೆಯಾದರೆ ಅದು ಕಾವಲಿಗೆ, ನಡಿಗೆಗಲ್ಲ. ಚುಕ್ಕೆಯ ಸುತ್ತಲೂ ಅಗಲವಾಗಿ ಮೆಲು ಬೆಳಕಿದ್ದರೆ ಎರಡಕ್ಕೂ ಆದೀತು. ಗಾಜು ಹಿಂದೆಮುಂದೆ ಎಳೆಯುವ ಝೂಮ್ ಟಾರ್ಚಾದರೆ ಅಜ್ಜನ ನಿಯಮ ಪಾಲಿಸಿ: ನಡೆಯುವಾಗ ಅಗಲ, ನಿಂತಾಗ ದೂರ. ಮನೆಯಲ್ಲಿರುವುದು ದೂರ ಹೊಡೆಯುವುದೇ ಆದರೆ ಗಾಜಿಗೆ ತೆಳು ಬೆಣ್ಣೆ ಕಾಗದ ಅಂಟಿಸಿ. 1939ರ ಯುದ್ಧಕಾಲದ ಬ್ರಿಟನ್ನಿನಲ್ಲಿ ಬೆಳಕು ಮಂಕಾಗಲಿ ಎಂದು ಟಾರ್ಚಿನ ಗಾಜಿಗೆ ತೆಳು ಕಾಗದ ಹಚ್ಚಿ, ನೆಲಕ್ಕೆ ಹಿಡಿದು ನಡೆಯಬೇಕೆಂಬ ನಿಯಮವಿತ್ತು. ನಮಗೆ ಅದೇ ಕಾಗದ ಬೆಳಕು ಹರಡಲು ಸಾಕು.

ಚಿಕ್ಕಪ್ಪನ ಬ್ಯಾಟ್ರಿಗೆ ಈಗ ಅಂಥ ಒಂದು ಕಾಗದವಿದೆ. ಮೋಟಾರು ಮನೆಯ ಚಿಲಕ ಈಗ ದೂರದಿಂದ ಕಾಣುವುದಿಲ್ಲ. ಹತ್ತಿರ ಹೋಗಿ ತಡಕಿ ತೆಗೆಯುತ್ತಾರೆ.