ಮಳೆಗಾಲಕ್ಕೆ ‘ದಿ’ ಬೇಕಾ, ಬೇಡ್ವಾ?

ಇವತ್ತಿನ ಕಂತು ಒಂದೇ ಒಂದು ಅಕ್ಷರದ ಬಗ್ಗೆ. ಇಂಗ್ಲಿಷಿನ ‘ದಿ’.

‘ಇನ್ ವಿಂಟರ್’ ಅಂದ್ರೆ ಸರಿ. ‘ಇನ್ ದಿ ವಿಂಟರ್’ ಅಂದ್ರೂ ಸರಿ. ಆದ್ರೆ ‘ಇನ್ ರೈನಿ ಸೀಸನ್’ ಅಂತ ಬರೆದು ನೋಡಿ, ಕೆಂಪು ಗೆರೆ ಗ್ಯಾರಂಟಿ. ಅಲ್ಲಿ ‘ದಿ’ ಬೇಕೇ ಬೇಕು. ತ್ಯಾಗಲಿ, ಶಿರಸಿ, ಯಲ್ಲಾಪುರದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಗೆರೆ ಹೊಸದಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲೇ ನೆನೆದು ಬೆಳೆದವರು ಅದೇ ಮಳೆಗಾಲದ ಪ್ರಬಂಧದಲ್ಲಿ ಅಂಕ ಕಳ್ಕೊಳ್ಳೋದು! ನಾನು ಓದಿದ್ದು ಬಿ.ಕಾಂ., ವ್ಯಾಕರಣದ ಮೇಷ್ಟ್ರಲ್ಲ. ಆದ್ರೆ ಈ ನಿಯಮದ ಹಿಂದೆ ಒಂದು ಇತಿಹಾಸ ಇದೆ, ಅದು ನನಗಿಷ್ಟ.

ಬೀಡ್ ಅನ್ನೋ ಇಂಗ್ಲಿಷ್ ಸನ್ಯಾಸಿ 725ರಲ್ಲಿ ಕಾಲಗಣನೆ ಬಗ್ಗೆ ಪುಸ್ತಕ ಬರೆದ. ಅವನ ಪ್ರಕಾರ ಹಳೇ ಇಂಗ್ಲಿಷರಿಗೆ ಮುಖ್ಯವಾಗಿ ಇದ್ದಿದ್ದು ಎರಡೇ ಕಾಲ: ವಿಂಟರ್, ಸಮ್ಮರ್. ವರ್ಷಗಳನ್ನೂ ‘ಇಷ್ಟು ವಿಂಟರ್’ ಅಂತಲೇ ಎಣಿಸ್ತಿದ್ರು. ಅಂದ್ರೆ ಅವು ಸೋಮವಾರ, ಮಂಗಳವಾರ ಇದ್ದ ಹಾಗೆ, ಹಳೇ ಹೆಸರುಗಳು. ಹೆಸರಿಗೆ ‘ದಿ’ ಕಡ್ಡಾಯ ಅಲ್ಲ. 16ನೇ ಶತಮಾನದಲ್ಲಿ ಎಲೆ ಉದುರೋ ಕಾಲವನ್ನ ‘ಫಾಲ್’ ಅನ್ನೋಕೆ ಶುರುಮಾಡಿದ್ರು. ಅದು ಹೆಸರಿಗಿಂತ ವರ್ಣನೆ, ಎಲೆ ಬೀಳೋದು ಅಂತ. ಅಮೆರಿಕದವರು ಇವತ್ತಿಗೂ ಹೆಚ್ಚಾಗಿ ‘ಇನ್ ದಿ ಫಾಲ್’ ಅನ್ನೋದು ಅದಕ್ಕೇ ಅಂತ ನನ್ನ ಲೆಕ್ಕ. ಬ್ರಿಟನ್ನಿನ ‘ಆಟಮ್’ಗೆ ‘ದಿ’ ಇಲ್ದಿದ್ರೂ ನಡೆಯುತ್ತೆ.

ಮಳೆಗಾಲದ ಕಥೆ ಬೇರೆ. ಇಂಗ್ಲೆಂಡಲ್ಲಿ ಮಳೆ ವರ್ಷವಿಡೀ ಜಿನುಗುತ್ತೆ, ಹಂಗಾಗಿ ಅಲ್ಲಿ ಮಳೆಗಾಲ ಅನ್ನೋದೇ ಇಲ್ಲ. ಇಲ್ಲದ್ದಕ್ಕೆ ಹೆಸರೆಲ್ಲಿಂದ ಬರಬೇಕು? 17ನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಹಾಕಿದ್ರು, ಘಟ್ಟದ ಮೇಲಿನ ಕಾಳುಮೆಣಸಿನ ಆಸೆಗೆ. ಮಳೆ ಹಿಡೀತು ಅಂದ್ರೆ ಹಡಗು ಬಂದ್, ವ್ಯಾಪಾರ ಬಂದ್. ಹಡಗಿನವರ ಬಾಯಲ್ಲಿ ಆಗ್ಲೇ ಒಂದು ಪದ ಇತ್ತು, ‘ಮಾನ್ಸೂನ್’. ಋತು ಅನ್ನೋ ಅರ್ಥದ ಅರಬ್ಬಿ ‘ಮೌಸಿಮ್’ ಪೋರ್ಚುಗೀಸರ ಮೂಲಕ ಹಿಂಗಾಯ್ತು. ಹಿಂದಿ ಹಾಡುಗಳ ‘ಮೌಸಮ್’ ಕೂಡ ಅದೇ ಮನೆತನದ್ದು. ಉಳಿದಂತೆ ಅವರಿಗೆ ವರ್ಣನೆಯೇ ಗತಿ: ‘ದಿ ರೇನ್ಸ್’, ‘ದಿ ರೈನಿ ಸೀಸನ್’. ‘ಸೀಸನ್’ ಅನ್ನೋದು ಯಾವ ಕಾಲಕ್ಕಾದ್ರೂ ಒಪ್ಪೋ ಸಾಮಾನ್ಯ ಪದ, ಯಾವ ಕಾಲ ಅಂತ ಬೆರಳು ಮಾಡಿ ತೋರಿಸ್ಲೇಬೇಕು. ಆ ಬೆರಳೇ ‘ದಿ’. 1801ರಲ್ಲಿ ಸೋಂದಾ, ಶಿರಸಿ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ನಮ್ಮ ಅಡಿಕೆ ತೋಟಗಳ ಬಗ್ಗೆ ಉದ್ದಕ್ಕೆ ಬರೆದಿದ್ದಾನೆ. 1807ರಲ್ಲಿ ಅಚ್ಚಾದ ಆ ಪುಸ್ತಕದಲ್ಲೂ ಮಳೆಗಾಲ ಅಂದ್ರೆ ‘ದಿ ರೈನಿ ಸೀಸನ್’.

ಕನ್ನಡದಲ್ಲಿ ‘ದಿ’ ಇಲ್ಲ. ಆದ್ರೆ ಮಳೆಗೇ ಹೆಸರಿಟ್ಟುಬಿಟ್ಟಿದ್ದೀವಿ: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಒಂದೊಂದಕ್ಕೆ ಸುಮಾರು 13–14 ದಿನ. ಕೊಳೆರೋಗ ಬರದ ಹಾಗೆ ಅಡಿಕೆ ಕೊನೆಗೆ ಬೋರ್ಡೋ ಮದ್ದು ಹೊಡೆಯೋರಿಗೆ ಬರೀ ‘ಮಳೆಗಾಲ’ ಅಂದ್ರೆ ಏನೂ ಹೇಳಿದ ಹಾಗಾಗಲ್ಲ. ಯಾವ ಮಳೆಗೆ ಮುಂಚೆ, ಯಾವ ಮಳೆಯ ಹೊಳವಲ್ಲಿ ಅನ್ನೋದು ಗೊತ್ತಾಗ್ಬೇಕು. ತಪ್ಪಿದ್ರೆ ಹೋಗೋದು ಅಂಕ ಅಲ್ಲ, ಫಸಲು.

ಅಂದ ಹಾಗೆ, ‘ಆರಿದ್ರಾ’ ಅಂತಷ್ಟೇ ಇಂಗ್ಲಿಷಲ್ಲಿ ಬರೆದ್ರೆ ‘ದಿ’ ಬೇಡ, ಅದು ಹೆಸರು. ‘ಆರಿದ್ರಾ ರೇನ್ಸ್’ ಅಂದ್ರೆ ಮಾತ್ರ ಶುರುವಲ್ಲೊಂದು ‘ದಿ’ ಹಾಕಿ.